ಚಕ್ರದ ಮುಂದಿನ ನಿಂಬೆಹಣ್ಣು

ತೀರಿಕೊಂಡ ಅಪ್ಪನ, ಗಾಡಿಗೆ ಕಟ್ಟಿ ಎಳೆಯುವ ಹಳೆಯ ಕ್ಯಾರವಾನ್‌ನ ಚಕ್ರಗಳನ್ನು ಬಿಚ್ಚಿ, ಹಿಂದೆ ತೆರೆದ ತೊಟ್ಟಿಯಿರುವ ನನ್ನ ಯೂಟ್‌ನಲ್ಲಿ ಹೇರಿಕೊಂಡು ಇವತ್ತು ಹೆಂಡರ್ಸನ್‌ನ ಟೈರ್ ಅಂಗಡಿಗೆ ಹೋಗಿದ್ದೆ. ಇಳಿಸುವಾಗ ರಬ್ಬರಿನಿಂದ ಕೊಬ್ಬರಿ ಎಣ್ಣೆಯ ಕಮಟು ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಪ್ರತಿ ಆಯುಧಪೂಜೆಗೂ ಅಪ್ಪ ಪಂಚೆ ಮೇಲೆತ್ತಿ ಕಟ್ಟಿಕೊಂಡು, ಹರಿದ ಬನಿಯನ್ನಿನಿಂದ ಈ ಟೈರುಗಳಿಗೆ ಎಣ್ಣೆ ತಿಕ್ಕುತ್ತಿದ್ದರು. ಎಣ್ಣೆ ಹಚ್ಚಿದರೆ ರಬ್ಬರ್ ಬೇಗ ಹಾಳಾಗುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕರ್ರಗೆ ಹೊಳೆದರೆ ಸಾಕಿತ್ತು. ಅಮ್ಮ ಹಿತ್ತಲಿನ ಗಿಡದಿಂದ ನಿಂಬೆಹಣ್ಣು ಕಿತ್ತು ತಂದು ಚಕ್ರದ ಮುಂದೆ ಇಡುತ್ತಿದ್ದಳು.

"ಒಂಚೂರು ಮುಂದಕ್ಕೆ ತಗೊಳ್ರೀ. ಹಣ್ಣಿನ ಮೇಲೆ ಚಕ್ರ ಹತ್ತಿದ್ರೇನೇ ಪೂಜೆ ಮುಗಿಯೋದು."

"ಟೈರ್ ಬಿರುಕು ಬಿಟ್ಟಿರೋದು ನೋಡೇ. ಹೊಸದು ಹಾಕಿಸ್ಕೊಂಡು ಮುಂದಿನ ಸಮ್ಮರ್‌ಗೆ ಬೀಚಿಗೇ ಹೋಗೋಣ," ಅನ್ನುತ್ತಿದ್ದರು ಅಪ್ಪ.

ಮುಂದಿನ ಸಮ್ಮರ್ ಬಂದರೆ ಈಸ್ಟ್ ತಮಾಕಿಯ ಫ್ಯಾಕ್ಟರಿಯಲ್ಲಿ ಅವರಿಗೆ ಓವರ್‌ಟೈಮ್. ನಾವು ಮನೆ ಮುಂದೆ ನಿಂತೇ ಇದ್ದ ಕ್ಯಾರವಾನ್‌ನೊಳಗೆ ಕೂತು ಪುಳಿಯೋಗರೆ ತಿನ್ನುತ್ತಿದ್ದೆವು. ಪರದೆ ಸರಿಸಿದರೆ ಪಕ್ಕದ ಮನೆಯ ಬೇಲಿ ಕಾಣುತ್ತಿತ್ತು. ಹೊರಗೆ ನಿಂಬೆಹಣ್ಣು ಇಟ್ಟಲ್ಲೇ ಒಣಗಿ ಕಲ್ಲಾಗುತ್ತಿತ್ತು.

ಅಂಗಡಿಯವನು ಹಳೆಯ ರಿಮ್ಮಿಗೆ ಹೊಸ ಟೈರ್ ಕೂರಿಸಿಕೊಡುವಷ್ಟರಲ್ಲಿ ನಾನು ತಗೊಂಡಿದ್ದ ಕಾಫಿ ಕೂಡ ಆರಿರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಅಪ್ಪನಿಗೆ ಬಿಡುವಾಗಲೇ ಇಲ್ಲ. ನಾವೂ ಹಟ ಮಾಡಿ ಅವರನ್ನು ಅಂಗಡಿಗೆ ಎಳೆದುಕೊಂಡು ಹೋಗಲಿಲ್ಲ.

ಮನೆಗೆ ಬಂದು ಚಕ್ರ ಹಾಕಿ, ಕ್ಯಾರವಾನ್ ಅನ್ನು ಯೂಟ್‌ಗೆ ಕಟ್ಟಿದೆ. ಅಮ್ಮ ನಿಧಾನವಾಗಿ ಬಗ್ಗಿ ಕ್ಯಾರವಾನ್ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ಯೂಟ್ ಮುಂದಕ್ಕೆ ತೆಗೆದೆ. ಹಣ್ಣು ಪಚಕ್ಕೆಂದು ಒಡೆಯಿತು.

"ಇಷ್ಟೇನಾ?" ಎಂದಳು ಅಮ್ಮ. ಆಮೇಲೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.