ಅಲುಗದ ಕೋಣೆ ಹುಡುಕಿದ ಅಕ್ಕ

ಬೆಳಗಿನ ಐದೂವರೆ. ಮಿದುಳು ಸಂಶೋಧನಾ ಕೇಂದ್ರದ ನೆಲಮಹಡಿಯ ಉಗ್ರಾಣದಲ್ಲಿ ಹೆಂಗಸೊಬ್ಬರು ಮಂಡಿಯೂರಿ, ತಟ್ಟೆಯಲ್ಲಿ ತುಂಬಿದ ನೀರಿನ ಮೇಲೆ ಟಾರ್ಚಿನ ಬೆಳಕು ಬಿಟ್ಟು, ಗೋಡೆಯ ಮೇಲೆ ಮೂಡಿದ ಬೆಳಕಿನ ಬಿಲ್ಲೆಯನ್ನೇ ಎವೆಯಿಕ್ಕದೆ ನೋಡುತ್ತಿದ್ದಾರೆ. ಹೊರಗೆ ಹಾಲಿನ ಲಾರಿ ಹಾದುಹೋಗುತ್ತದೆ. ಬೆಳಕು ಕದಲುವುದಿಲ್ಲ. "ಇವತ್ತೂ ಗಟ್ಟಿ," ಎನ್ನುತ್ತಾರೆ.

ಇವರು ಇಲ್ಲಿಯ ಅಟೆಂಡರ್. ನಿರ್ದೇಶಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ 'ಅಕ್ಕ'. ಇಪ್ಪತ್ತೆರಡು ವರ್ಷಗಳಿಂದ ಹದಿನಾಲ್ಕು ಕೋಣೆಗಳನ್ನು ಗುಡಿಸಿ ಒರೆಸುತ್ತಾರೆ.

ಹೊರದೇಶಗಳಿಂದ, ಕಂಪನಿಗಳಿಂದ ಮಿದುಳಿನ ವಿಜ್ಞಾನಿಗಳನ್ನು ಕರೆತರಲೆಂದೇ ಒಂದು ನಿಧಿಯಿದೆ. ಮೂರು ವರ್ಷ ಹೆಣಗಾಡಿ ಕೇಂದ್ರ ಅದನ್ನು ಗಿಟ್ಟಿಸಿಕೊಂಡಿದೆ. ಹೊರದೇಶದ ಔಷಧ ಕಂಪನಿಯ ವಿಜ್ಞಾನಿಯೊಬ್ಬರು ಬರಲು ಒಪ್ಪಿದ್ದಾರೆ. ಕೂದಲಿಗಿಂತ ಸಪೂರದ ಗಾಜಿನ ಸೂಜಿ ತಾಗಿಸಿ ಒಂದೇ ಒಂದು ನರಕೋಶದ ಮಿಡಿತ ಹಿಡಿಯುವುದು ಅವರ ಕಸುಬು. ಕೋಣೆ ಚೂರು ನಡುಗಿದರೂ ಕೋಶ ಸತ್ತಂತೆ. ತಿಂಗಳ ಕೊನೆಯೊಳಗೆ ಅಲುಗದ ಕೋಣೆ ತೋರಿಸದಿದ್ದರೆ ನಿಧಿ ವಾಪಸ್ಸು, ವಿಜ್ಞಾನಿಯೂ ಇಲ್ಲ.

ಕೇಂದ್ರದವರೋ, ಅತಿಥಿ ಮೆಚ್ಚಲೆಂದು ನಾಲ್ಕನೇ ಮಹಡಿಯ ದೊಡ್ಡ ಕಿಟಕಿಯ ಕೋಣೆಯನ್ನು ಸಿಂಗರಿಸಿ ಕೂತಿದ್ದರು. ವಿಡಿಯೊ ಕರೆಯಲ್ಲಿ ವಿಜ್ಞಾನಿ ಕೇಳಿದ್ದು ಒಂದೇ: "ಕೋಣೆ ಅಲುಗುತ್ತಾ?" ಕರೆಯಲ್ಲಿ ಕೂತಿದ್ದ ಕೇಂದ್ರದ ಆಯ್ಕೆ ಸಮಿತಿಯ ಘಟಾನುಘಟಿಗಳೆಲ್ಲ ಒಕ್ಕೊರಲಿನಿಂದ ಇಲ್ಲವೆಂದರು. ಚಹಾ ಕೊಡುತ್ತಿದ್ದ ಅಕ್ಕ ತಡೆಯಲಾರದೆ ಬಾಯಿ ಹಾಕಿದರು: "ಅಲುಗತ್ತೆ ಮೇಡಂ. ಲಿಫ್ಟ್ ನಿಂತಾಗಲೆಲ್ಲ ಬೀರುವಿನ ಗಾಜು ಗಿಲಿಗಿಲಿ ಅನ್ನತ್ತೆ. ದಿನಾ ಒರೆಸೋಳು ನಾನು."

"ಡೈರೆಕ್ಟರ್ ಸಾಹೇಬ್ರು ಎರಡು ದಿನ ಮುಖ ಗಂಟು ಹಾಕ್ಕೊಂಡಿದ್ರು," ಎಂದು ಅಕ್ಕ ನಗುತ್ತಾರೆ. "ಮೂರನೇ ದಿನ ಬಂದು, ಹಾಗಾದ್ರೆ ನೀವೇ ಹುಡುಕಿಕೊಡಿ ಅಕ್ಕಾ ಅಂದ್ರು."

ಹನ್ನೊಂದು ದಿನ ನಸುಕಿನಲ್ಲೇ ತಟ್ಟೆ ಹಿಡಿದು ಹೊರಟರು. "ಜನ ಬಂದ್ಮೇಲೆ ಯಾವುದು ನಡುಗಿಸ್ತಿದೆ ಅಂತ ಗೊತ್ತಾಗಲ್ಲ. ಬೆಳಗ್ಗೆ ಆದ್ರೆ ಒಂದ್ಸಲ ಪಂಪು ಹಾಕು, ಒಂದ್ಸಲ ಲಿಫ್ಟು ಓಡಿಸು, ನೋಡು." ಹದಿಮೂರು ಕೋಣೆ ನಪಾಸಾದವು. ಬಂಡೆಯ ಮೇಲೇ ಕಟ್ಟಿದ ಈ ಉಗ್ರಾಣವೊಂದು ಮಾತ್ರ ಮಿಸುಕಲಿಲ್ಲ. ಅಕ್ಕ ಊಟ ಮಾಡುವುದು, ಕಾಲು ಚಾಚುವುದು ಇಲ್ಲೇ. ಗಂಡ ತೀರಿಕೊಂಡ ವರ್ಷ ಬಾಗಿಲು ಹಾಕಿಕೊಂಡು ಅತ್ತದ್ದೂ ಇಲ್ಲೇ.

"ಸುಳ್ಳು ಯಾಕೆ ಹೇಳ್ಲಿ, ಈ ಕೋಣೆ ಸಿಕ್ಕಿದ್ದನ್ನ ಒಂದು ದಿನ ಪೂರ್ತಿ ಮುಚ್ಚಿಟ್ಟೆ. ನನ್ನ ಜಾಗ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. ಕೊನೆಗೆ ಮಗಳಿಗೆ ಫೋನ್ ಮಾಡ್ದೆ. ಅಮ್ಮಾ, ನಿಂಗೆ ಕೂರೋಕೆ ಎಲ್ಲಾದ್ರೂ ಜಾಗ ಸಿಗತ್ತೆ, ಆ ಸೂಜಿಗೆ ಸಿಗಲ್ಲ ಅಂದ್ಲು."

ಇಂದು ಹತ್ತು ಗಂಟೆಗೆ ನಿಧಿಯವರು ಯಂತ್ರ ಇಟ್ಟು ಅಳೆಯುತ್ತಾರೆ. ಕೋಣೆ ಪಾಸು! ಸಮಿತಿಯವರು ಒಬ್ಬರ ಬೆನ್ನು ಇನ್ನೊಬ್ಬರು ತಟ್ಟುತ್ತಾರೆ. ಅಕ್ಕ ತಮ್ಮ ಚಾಪೆ, ಬುತ್ತಿಡಬ್ಬಿಗಳನ್ನು ಮೆಟ್ಟಿಲ ಕೆಳಗಿನ ಸಂದಿಗೆ ಸಾಗಿಸುತ್ತಾರೆ.

ಇದಕ್ಕೆ ಪ್ರತಿಯಾಗಿ ನಿಮಗೇನು ಬೇಕು ಎಂದು ಕೇಳಿದರೆ ಚಾಪೆ ಕೊಡವುತ್ತಲೇ ಹೇಳುತ್ತಾರೆ:

"ಸತ್ತೋರ ದನಿ ನಮ್ಮ ತಲೆಯೊಳಗೆ ಅಷ್ಟು ವರ್ಷ ಎಲ್ಲಿ ಕೂತಿರತ್ತೆ ಅಂತ ಆ ಮೇಡಂಗೆ ಗೊತ್ತಾದ್ರೆ, ಮೊದಲು ನಂಗೆ ಹೇಳ್ಬೇಕು. ಜಾಗ ಕೊಟ್ಟೋಳು ನಾನಲ್ವಾ?"