ಆಯಿಯ ಕೊರಳಿನ ಅಕ್ಕ

ಇವತ್ತು ಜಹೀರಾಬಾದಿನ ಪತ್ತಾರರ ಅಂಗಡಿಯಲ್ಲಿ ಹಳೆಯ ಬೆಳ್ಳಿ ಕರಗಿಸಲು ಕೊಡುವಾಗ ಗಂಟಿನೊಳಗಿಂದ ಆಯಿಯ ಬಿಲ್ಲೆ ಉರುಳಿ ಬಿತ್ತು. ಅದರ ಮೇಲಿನ ಹೆಣ್ಣಿನ ಮುಖ ಸವೆದಿದೆ. ಗೆರೆಗಳ ಸಂದಿಯಲ್ಲಿ ಅರಿಶಿನ ಇನ್ನೂ ಹಾಗೇ ಇದೆ.

ಆಯಿ, ಅಂದರೆ ನನ್ನ ಅಜ್ಜಿ, ಸಿರ್ಗಾಪುರದಿಂದ ಅಜ್ಜನಿಗೆ ಎರಡನೇ ಹೆಂಡತಿಯಾಗಿ ಬಂದವಳು. ತೀರಿಹೋದ ಮೊದಲ ಹೆಂಡತಿಯ ಗುರುತೆಂದು ಆ ಬಿಲ್ಲೆಯನ್ನು ದಾರದಲ್ಲಿ ಪೋಣಿಸಿ ಮದುವೆಯ ದಿನವೇ ಕೊರಳಿಗೆ ಕಟ್ಟಿದ್ದರಂತೆ. ಹೊಸ ಸೀರೆ ಬಂದರೆ ಆಯಿ ಅದನ್ನು ಬಿಲ್ಲೆಗೆ ಮುಟ್ಟಿಸಿ, “ಅಕ್ಕಾ, ಮೊದಲ ನೀ ಉಡು,” ಎನ್ನುತ್ತಿದ್ದಳು. ತಾಂಡೂರಿನಿಂದ ನಮ್ಮವ್ವನನ್ನು ಸೊಸೆಯಾಗಿ ಗೊತ್ತುಮಾಡಿದಾಗಲೂ ಮೊದಲು ಹೇಳಿದ್ದು ಬಿಲ್ಲೆಗೇ.

ಅಪ್ಪನನ್ನು ಬಯ್ಯುವಾಗ ಮಾತ್ರ ಬಿಲ್ಲೆಯನ್ನು ಬೆನ್ನ ಹಿಂದೆ ಸರಿಸಿಬಿಡುತ್ತಿದ್ದಳು. ಮೂರು ಮಕ್ಕಳ ತಂದೆ, ದಪ್ಪ ಮೀಸೆಯ ಅಪ್ಪ ತಲೆ ತಗ್ಗಿಸಿ ನಿಲ್ಲುತ್ತಿದ್ದ. ನಾವು ಬಾಗಿಲ ಸಂದಿಯಿಂದ ನೋಡಿ ನಗುತ್ತಿದ್ದೆವು.

ಒಮ್ಮೆ ಕೇಳಿದೆ: “ಆಯಿ, ಅದನ್ಯಾಕ ಹಿಂದ ಹಾಕ್ತಿ?”

“ನಿಮ್ಮಪ್ಪನ್ನ ಹಡದಾಕಿ ಅಕ್ಕ. ಹದಿನೈದ ದಿನದ ಕೂಸು ಬಿಟ್ಟು ಹೋಗ್ಯಾಳ. ಮಗಗ ಬಯ್ಯೂದು ಆಕಿ ಕೇಳಬಾರ್ದು ನೋಡು.”

ಅಪ್ಪ ಆಯಿಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ. ತಾನೇ ಹಡೆದ ನಮ್ಮ ಇಬ್ಬರು ಅತ್ತೆಯರನ್ನು ಬಯ್ಯುವಾಗ ಬಿಲ್ಲೆ ಎದೆಯ ಮೇಲೇ ಇರುತ್ತಿತ್ತು.

“ಅವ್ವಾರ, ಇದನ್ನೂ ಕರಗಿಸೂದೇನ್ರಿ?” ಎಂದರು ಪತ್ತಾರರು.

ಬೇಡ ಎನ್ನುವ ಮೊದಲೇ ನನ್ನ ಕೈ ಬಿಲ್ಲೆಯನ್ನು ಬೋರಲು ಹಾಕಿತ್ತು.