ಚಮಚ ಹಿಡಿಯುವ ಕೈ

ಚಹಾವನ್ನು ಫೋರ್ಕಿನಿಂದ ಪರೀಕ್ಷಿಸುವವರು ನಮ್ಮೂರು ಮೊರಬದಲ್ಲಿ ನನ್ನ ಹೊರತು ಬೇರೆ ಯಾರೂ ಇರಲಾರರು. ಲೋಟದಲ್ಲಿ ಫೋರ್ಕ್ ಅದ್ದಿ ಮೇಲೆತ್ತಬೇಕು. ಹಲ್ಲುಗಳ ಸಂದಿಯಿಂದ ಚಹಾ ಸರಸರ ಸುರಿದರೆ ನಪಾಸು, ತಡೆದು ತಡೆದು ತೊಟ್ಟಿಕ್ಕಿದರೆ ಪಾಸು. ಫಲಿತಾಂಶವನ್ನು ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುತ್ತೇನೆ. ಈ ಹುಚ್ಚು ಹತ್ತಿದ್ದು ಕಾಕಾನಿಂದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಟ್ರ್ಯಾಕ್ಟರ್ ಡ್ರೈವರ್. ಹೋದ ಸುಗ್ಗಿಯಲ್ಲಿ ಲಕ್ವಾ ಹೊಡೆದು ಅವನ ಬಲಗಡೆ ಸೋತಿತು. ಕಾಲು ಕೋಲಿನ ಆಸರೆಯಲ್ಲಿ ಎದ್ದಿತು, ಕೈ ಏಳಲಿಲ್ಲ. ಅದಕ್ಕಿಂತ ಹೆಚ್ಚು ಮೋಸ ಮಾಡಿದ್ದು ಗಂಟಲು. ನೀರು, ಚಹಾದಂಥ ತೆಳ್ಳಗಿನದೆಲ್ಲ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯತೊಡಗಿತು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ನಮ್ಮನ್ನು ಕೂಡಿಸಿಕೊಂಡು, "ಎಲ್ಲಾ ಗಟ್ಟಿ ಇರಬೇಕ್ರಿ, ಆದ್ರ ಗಂಟು ಇರಬಾರದು. ಚಹಾ, ನೀರಿಗೂ ಗಟ್ಟಿ ಮಾಡೋ ಪುಡಿ ಕೂಡಿಸಿ, ಫೋರ್ಕಿಲೆ ಎತ್ತಿ ನೋಡ್ರಿ. ಹೊಟ್ಟಿ ತುಂಬ ಉಣ್ಣಬೇಕು. ತೂಕ ಹಿಂಗ ಇಳಕೋತ ಹೋದ್ರ ಮೂಗಿನಾಗ ನಳಿಗಿ ಹಾಕಬೇಕಾಗ್ತದ ನೋಡ್ರಿ" ಎಂದರು.

"ಎತ್ತಿಗೆ ಮೂಗದಾಣ ಹಾಕಿಧಂಗ" ಎಂದು ಕಾಕಾ ತೊದಲಿದ.

ನಮ್ಮ ಕಡೆ ಗಟ್ಟಿತನಕ್ಕೆ ಮೊದಲಿನಿಂದಲೂ ಮರ್ಯಾದೆ. ಬೀಗರ ಮನೆಯ ಸಾರಿನಲ್ಲಿ ಬೇಳೆ ಈಜಾಡುತ್ತಿದ್ದರೆ ಆ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರುತ್ತದೆ. ಕಡಲೆಹಿಟ್ಟಿನ ಝುಣಕ ತಾಟಿನಲ್ಲಿ ಹರಿದಾಡಿದರೆ ಮಾಡಿದವಳ ಹೆಸರೂ ಅದರ ಜೊತೆ ಹರಿದಾಡುತ್ತದೆ. ಇಂಥ ಊರಿನವನಿಗೆ ಗಟ್ಟಿ ಊಟ ಶಿಕ್ಷೆಯಾಗಲಾರದು ಎಂಬುದು ನನ್ನ ತರ್ಕ. ಕಾಕಾನ ಹೆಂಡತಿ ಕಾಕು ಜೋಳದ ಅಂಬಲಿಯನ್ನು ಮಂದವಾಗಿ ಕಾಸಿದಳು; ಹೆಸರುಬೇಳೆಯನ್ನು ನುಣ್ಣಗೆ ಮಾಡಿ ತುಪ್ಪ ಹಾಕಿದಳು. ಎಲ್ಲವೂ ನನ್ನ ಪರೀಕ್ಷೆಯಲ್ಲಿ ಪಾಸಾದವು. ನಾನೇ ಉಣಿಸಿದೆ. ಕಾಕಾ ಎರಡು ಚಮಚ ನುಂಗಿ ಗೋಡೆಯತ್ತ ಮುಖ ತಿರುವಿದ.

"ನಿನ್ನ ಫೋರ್ಕಿಗೆ ಪಾಸಾದ್ರ ಆತೇನ ಬೇ? ನಿಮ್ಮ ಕಾಕಾಗ ಪಾಸಾಗಬೇಕಲಾ!" ಎಂದಳು ಕಾಕು.

ನಾನು ಜೀರಿಗೆ ಸೇರಿಸಿ ನೋಡಿದೆ, ಮೊಸರು ಕಡೆದು ನೋಡಿದೆ, ಬಿಸಿ ಮಾಡಿ, ಆರಿಸಿ ನೋಡಿದೆ. ಡೈರಿಯಲ್ಲಿ ಸಾಲುಗಳು ಹೆಚ್ಚಿದವು, ಕಾಕಾನ ತೂಕ ಇಳಿಯಿತು. ಅಂಗಿ ಅವನ ಮೈಮೇಲೆ ಹ್ಯಾಂಗರಿಗೆ ಹಾಕಿದಂತೆ ತೂಗುತ್ತಿತ್ತು.

ಒಂದು ಮಧ್ಯಾಹ್ನ ಬಟ್ಟಲನ್ನು ಅವನ ಮುಂದಿಟ್ಟು ಒರೆಸುವ ಬಟ್ಟೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅಂಬಲಿ ಅರ್ಧ ಖಾಲಿಯಾಗಿತ್ತು. ಚಮಚ ಕಾಕಾನ ಎಡಗೈಯಲ್ಲಿತ್ತು. ನನ್ನನ್ನು ಕಂಡವನೇ ಚಮಚ ಬಿಟ್ಟು, ಕೈಯನ್ನು ಟವೆಲ್ಲಿನಡಿ ಬಚ್ಚಿಟ್ಟ.

"ಯಾಕ ಬಿಟ್ಟಿ ಕಾಕಾ? ಉಣ್ಣು!"

"ಎಡಗೈಲೆ ಉಂಡ್ರ ನೋಡಿದ ಮಂದಿ ಏನಂದಾರು?"

ಸುತ್ತ ನೋಡಿದೆ. ಮಂದಿ ಎಂದರೆ ನಾನು ಮತ್ತು ಒಂದು ಬೆಕ್ಕು.

ಅನ್ನಕ್ಕೆ ಎಡಗೈ ಮುಟ್ಟಿಸಬಾರದು. ಅಣ್ಣನ ಮಗಳ ಕೈಯಿಂದ ತುತ್ತು ತಿನ್ನುವುದೂ ನಾಚಿಕೆ. ಈ ಎರಡರ ನಡುವೆ ಕಾಕಾ ಹಸಿವನ್ನೇ ಆರಿಸಿಕೊಂಡಿದ್ದ. ಎಡಗೈಯ ಕಾಯಿದೆ ನನಗೆ ಹೊಸದಲ್ಲ. ನಾನೇ ಎಡಗೈಯವಳು. ಸಣ್ಣವಳಿದ್ದಾಗ ಊಟಕ್ಕೆ ಕೂತಾಗಲೆಲ್ಲ ಮಣಿಕಟ್ಟಿನ ಮೇಲೆ ಫಟ್ ಎಂದು ಬಾರಿಸಿ ಆ ಕಾಯಿದೆ ಕಲಿಸಿದವನು ಇದೇ ಕಾಕಾ.

ಮೇಡಂಗೆ ಫೋನ್ ಮಾಡಿದೆ. ಅವರು ನಕ್ಕರು. "ಯಾವ ಕೈ ಆದ್ರೂ ನಡೀತದ್ರಿ. ನೆಟ್ಟಗ ಕುಂತು, ಸಣ್ಣ ಸಣ್ಣ ಗುಟುಕು. ಬಾಜು ಯಾರರ ಇರ್ರಿ. ಅವ್ರು ತಾವ ಉಂಡ್ರ ಭಾಳ ಛಲೋ."

ಅಂದು ರಾತ್ರಿಯಿಂದ ನಾನು ನನ್ನ ತಾಟು ಹಿಡಿದು ಕಾಕಾನ ಎದುರು ಕೂತು, ರಾಜಾರೋಷವಾಗಿ ಎಡಗೈಯಲ್ಲೇ ರೊಟ್ಟಿ ಮುರಿಯತೊಡಗಿದೆ. ಕಾಕು ನಮ್ಮತ್ತ ಬೆನ್ನು ಹಾಕಿ, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ, ಕೆಮ್ಮು ಕೇಳಿಸೀತೇನೋ ಎಂದು ಕಿವಿ ಮಾತ್ರ ಇತ್ತ ಕೊಟ್ಟಿದ್ದಳು. ಕಾಕಾ ಟವೆಲ್ಲಿನಡಿಯಿಂದ ಎಡಗೈ ಹೊರತೆಗೆದ. ಆಮೇಲೆ ಚಮಚ ಎತ್ತಿದ. ಅಂಗಿಗೆ, ಮೀಸೆಗೆ, ಬೆಕ್ಕಿಗೆ ಒಂದಿಷ್ಟು ಪಾಲು ಹೋಯಿತು. ಉಳಿದದ್ದೆಲ್ಲ ಹೊಟ್ಟೆಗೆ ಹೋಯಿತು.

ಮುಂದಿನ ತಪಾಸಣೆಯಲ್ಲಿ ತೂಕ ಇಳಿದಿರಲಿಲ್ಲ. ಅದರ ಮುಂದಿನದರಲ್ಲಿ ಏರಿತ್ತು. ಮೇಡಂ ನಳಿಗೆಯ ಮಾತೆತ್ತಲಿಲ್ಲ. ನಾವೂ ನೆನಪಿಸಲಿಲ್ಲ.

ನಿನ್ನೆ ಕಾಕಾ ಬಟ್ಟಲು ಬಳಿದು ಮುಗಿಸಿ ನನ್ನತ್ತ ಕಣ್ಣು ಬಿಟ್ಟ. ನಾಲಿಗೆಯೂ ಈಗ ಸಾಕಷ್ಟು ತಿರುಗುತ್ತದೆ.

"ಏ, ಬಲಗೈಲೆ ಉಣ್ಣ ಬೇ."

"ನೀ ಎಡಗೈಲೆ ಉಣ್ಣಾಕ್ಹತ್ತಿಯಲ್ಲ ಕಾಕಾ!"

"ನಂದು ಔಷಧ. ನಿಂದು ಊಟ."

ನಾನು ರೊಟ್ಟಿಯನ್ನು ಬಲಗೈಗೆ ದಾಟಿಸಿದೆ. ಗದರಿಸುವಷ್ಟು ತ್ರಾಣ ಬಂದ ಮನುಷ್ಯನೊಡನೆ ವಾದ ಮಾಡಬಾರದು. ಅವನು ಅತ್ತ ತಿರುಗುವವರೆಗೆ ಕಾಯಬೇಕು, ಅಷ್ಟೆ.